ಹಾಳೆಯ ಹಿಂಬದಿಯ ಸಾಲುಗಳು

ಅವ್ವ ಇಲ್ಲಿಯವರೆಗೆ ನಲವತ್ತೊಂದು ಪರೀಕ್ಷೆ ಬರೆದಿದ್ದಾಳೆ. ಅವುಗಳಲ್ಲಿ ಒಂದೂ ಅವಳದ್ದಲ್ಲ.

ಈ ಲೆಕ್ಕ ನನ್ನದು. ಅವಳನ್ನು ಕೇಳಿದರೆ "ಹತ್ತೋ ಇಪ್ಪತ್ತೋ ಇರಬೇಕು ಬಿಡು" ಎನ್ನುತ್ತಾಳೆ. ನಾನು ಏಳನೇ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ವಾರ, ತಿಂಗಳು, ಬಸ್ಸು ಬಂದ ಹೊತ್ತು, ಅವ್ವ ಬಡಿದ ರೊಟ್ಟಿಗಳ ಎಣಿಕೆ ಎಲ್ಲವೂ ಅದರಲ್ಲಿವೆ. ಯಾವುದು ಯಾವಾಗ ಆಯಿತು ಎಂದು ಮನೆಯಲ್ಲಿ ವಾದ ಎದ್ದರೆ ಅಪ್ಪ "ನಮ್ಮ ತಾಸೀಲ್ದಾರ್ರನ್ನ ಕೇಳ್ರಿ" ಎಂದು ನನ್ನತ್ತ ಕೈ ತೋರಿಸುತ್ತಾನೆ.

ಕಣ್ಣು ಕಾಣದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಉತ್ತರ ಹೇಳುತ್ತಾರೆ. ಪಕ್ಕದಲ್ಲಿ ಕುಳಿತವರು ಅದನ್ನು ಬರೆಯುತ್ತಾರೆ. ಹಾಗೆ ಬರೆಯುವವರು ಪರೀಕ್ಷೆಗೆ ಕುಳಿತವರಿಗಿಂತ ಒಂದು ಮೆಟ್ಟಿಲು ಕಡಿಮೆ ಓದಿರಬೇಕು ಎಂಬುದು ನಿಯಮ. ಹೆಚ್ಚು ಓದಿದವರಾದರೆ ತಮಗೆ ಗೊತ್ತಿದ್ದನ್ನೇ ಬರೆದುಬಿಟ್ಟಾರು ಎಂಬ ಅಂಜಿಕೆ. ಅವ್ವ ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಹಾಗಾಗಿ ಪಿಯುಸಿ ಪರೀಕ್ಷೆಗೆ ಆಕೆ ಹೇಳಿ ಮಾಡಿಸಿದವಳು.

ಇದು ಶುರುವಾಗಿದ್ದು ರೊಟ್ಟಿಯಿಂದ. ಹೊಸಪೇಟೆಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಐದಕ್ಕೆ ಒಲೆ ಹೊತ್ತುತ್ತದೆ. ಎರಡು ಮೆಸ್ಸು, ಒಂದು ಹಾಸ್ಟೆಲ್ಲಿಗೆ ಅವ್ವ ಖಡಕ್ ರೊಟ್ಟಿ ಮಾಡಿಕೊಡುತ್ತಾಳೆ. ಕಣ್ಣು ಕಾಣದ ಹೆಣ್ಣುಮಕ್ಕಳ ಆ ಹಾಸ್ಟೆಲ್ಲಿಗೆ ಒಂದು ದಿನ ರೊಟ್ಟಿ ಗಂಟು ಹೊತ್ತು ಹೋದಾಗ ವಾರ್ಡನ್ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರಂತೆ. ಆವತ್ತು ಪೂರ್ವಸಿದ್ಧತಾ ಪರೀಕ್ಷೆ. ಪಕ್ಕದಲ್ಲಿ ಕುಳಿತು ಬರೆಯಬೇಕಾದ ಹುಡುಗಿಗೆ ಅಮ್ಮ ಎದ್ದಿತ್ತು, ಮೈತುಂಬ ಗುಳ್ಳೆ. ಅವ್ವ ಗಂಟು ಇಳಿಸಿ, "ನನ್ನ ಅಕ್ಷರ ದುಂಡಗ ಇಲ್ಲ, ಆದ್ರ ತಿಳೀತದ. ನಡೀತದೇನ್ರಿ?" ಎಂದು ಕೇಳಿ, ಕೈಗೆ ಹತ್ತಿದ ಹಿಟ್ಟು ತೊಳೆದುಕೊಂಡು ಕುಳಿತೇಬಿಟ್ಟಳು. ಆವತ್ತು ನಾನು ಶಾಲೆಯಿಂದ ಬಂದಾಗ ಮನೆಗೆ ಬೀಗ. ದಿನಚರಿಯಲ್ಲಿ ಹೀಗಿದೆ: "ಮಂಗಳವಾರ. ಅವ್ವ ಬಂದಿದ್ದು ನಾಲ್ಕೂ ಹತ್ತಕ್ಕೆ. ಊಟವಿಲ್ಲ. ಕಾರಣ: ಅವ್ವ ಪರೀಕ್ಷೆ ಬರೆದಳು."

ಅವ್ವನ ಅಕ್ಷರ ನಿಜಕ್ಕೂ ದುಂಡಗಿಲ್ಲ. ಅದು ಕೊರೆದ ಅಕ್ಷರ. ನಾನು ಚಿಕ್ಕವಳಿದ್ದಾಗ ಆಕೆ ಸಂಡೂರು ರಸ್ತೆಯ ಒಂದು ತೂಕದ ಕಟ್ಟೆಯಲ್ಲಿ ಅದಿರು ಲಾರಿಗಳ ಚೀಟಿ ಬರೆಯುತ್ತಿದ್ದಳು. ಒಂದು ಚೀಟಿಗೆ ನಾಲ್ಕು ಪ್ರತಿ, ನಡುವೆ ಮೂರು ಕಾರ್ಬನ್. ನಾಲ್ಕನೆಯ ಪ್ರತಿ ಮಸುಕಾದರೆ ಲಾರಿಯನ್ನು ಚೆಕ್‌ಪೋಸ್ಟಿನಲ್ಲಿ ನಿಲ್ಲಿಸುತ್ತಿದ್ದರು, ಡ್ರೈವರುಗಳು ವಾಪಸು ಬಂದು ಕೂಗಾಡುತ್ತಿದ್ದರು. ಅದಕ್ಕೇ ಆಕೆ ಪೆನ್ನನ್ನು ಉಳಿಯಂತೆ ಹಿಡಿದು ಒತ್ತುವುದನ್ನು ಕಲಿತಳು. ಆ ಕಟ್ಟೆ ಮುಚ್ಚಿ ಎಷ್ಟೋ ವರ್ಷವಾಯಿತು, ಕೈ ಮಾತ್ರ ಹಗುರಾಗಲಿಲ್ಲ. ನನ್ನ ನೋಟುಬುಕ್ಕಿನಲ್ಲಿ ಆಕೆ ಒಂದು ಸಹಿ ಹಾಕಿದರೆ ಮುಂದಿನ ಮೂರು ಹಾಳೆಗಳಲ್ಲಿ ಅದರ ಗುರುತು ಉಳಿಯುತ್ತಿತ್ತು. ನಾನು ಅದಕ್ಕಾಗಿ ಅವಳನ್ನು ಎಷ್ಟು ಸಲ ಬೈದಿದ್ದೇನೋ, ಅದೊಂದನ್ನು ಎಣಿಸಿಟ್ಟಿಲ್ಲ.

ಪಿಯುಸಿಯನ್ನು ಖಾಸಗಿಯಾಗಿ ಕಟ್ಟಿಬಿಡು ಎಂದು ನಾನು ಅವಳಿಗೆ ಎರಡು ಸಲ ಅರ್ಜಿ ತಂದುಕೊಟ್ಟೆ. ಎರಡು ಸಲವೂ ಅದು ರೊಟ್ಟಿ ಡಬ್ಬಿಯ ಕೆಳಗೆ ಸೇರಿತು. "ನಾ ಪಾಸಾದ್ರ ಇವರಿಗೆ ಬರ್ಯಾಕ ಬರಂಗಿಲ್ಲಲ್ಲ" ಎಂದಳು.

"ಫೇಲಾಗು ಹಂಗಾದ್ರ," ಎಂದೆ.

"ನಾ ಬರದ್ರ ಫೇಲಾಗ್ತೀನೇನಲೇ?" ಎಂದು ಲಟ್ಟಣಿಗೆ ತೋರಿಸಿದಳು.

ಮೆಟ್ರಿಯ ಹುಡುಗಿ ನಮ್ಮ ಮನೆಗೆ ಬಂದಿದ್ದು ಡಿಸೆಂಬರಿನ ಎರಡನೆಯ ಭಾನುವಾರ, ಹತ್ತೂವರೆಗೆ. ಜೊತೆಗೆ ಅವಳ ಅಪ್ಪ. ಮೆಟ್ರಿ ಕಂಪ್ಲಿ ತಾಲ್ಲೂಕಿನ ಹಳ್ಳಿ. ಆತ ಅಲ್ಲಿ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ರೈತ. ಮಗಳಿಗೆ ಹತ್ತೊಂಬತ್ತು ವರ್ಷ, ಹುಟ್ಟಿನಿಂದ ಕಣ್ಣಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಗೋಡೆ ಮುಟ್ಟಿ, ಒಲೆಯ ಬಿಸಿ ಯಾವ ಕಡೆಯಿಂದ ಬರುತ್ತಿದೆ ಎಂದು ನಿಂತು ನೋಡಿ, ಸರಿಯಾಗಿ ಖಾಲಿ ಕುರ್ಚಿಯ ಮೇಲೆ ಕುಳಿತಳು. ಆತ ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತ.

"ಮ್ಯಾಲ ಕುಂದ್ರಿ ಅಣ್ಣಾ," ಎಂದಳು ಅವ್ವ.

"ಇರ್ಲಿ ಬಿಡವ್ವಾ, ಹೊಲದಾಗ ಕುಂತು ರೂಢಿ," ಎಂದವನೇ ನೇರ ವಿಷಯಕ್ಕೆ ಬಂದ. "ಈಕಿ ಹೋದ ವರ್ಷ ಚರಿತ್ರೆದಾಗ ಫೇಲಾದ್ಲು. ಉಳಿದಾವೆಲ್ಲ ಪಾಸು. ಎಲ್ಲಾ ಉತ್ರ ಹೇಳೀನಿ ಅಂತಾಳ. ಪೇಪರಿನ ಜೆರಾಕ್ಸ್ ತರಿಸಿ ಮಾಸ್ತರ ಕಡಿ ಓದಿಸಿದೆ. ಅದ್ರಾಗ ಅರ್ಧಾನೂ ಇಲ್ಲ. ನನಗ ಓದಾಕ ಬರಂಗಿಲ್ಲ, ಸಹಿ ಒಂದು ಬರ್ತದ. ಈಕಿಗೆ ಕಾಣಂಗಿಲ್ಲ. ಯಾರ ಮಾತು ನಂಬಬೇಕು ಹೇಳ್ರಿ?"

ಹುಡುಗಿ ಕುರ್ಚಿಯ ತುದಿಗೆ ಸರಿದಳು. "ಬರದಾಕಿ ಒಂಬತ್ತನೇದ ಹುಡುಗಿ ಅಕ್ಕಾ. ಪಾಪ, ಕೈ ನೋವಾಗಿತ್ತೋ ಏನೋ. ನಾ ಹತ್ತು ಮಾತು ಹೇಳಿದ್ರ ಮೂರು ಬರದಾಳ. ನನ್ನ ಪೇಪರಿನ್ಯಾಗ ನಾನ ಇರ್ಲಿಲ್ಲ."

"ಇದೊಂದ ಸಲ ನೋಡವ್ವಾ," ಎಂದ ಅವಳ ಅಪ್ಪ. "ಪಾಸಾದ್ಲಂದ್ರ ಮುಂದ ಓದ್ಲಿ. ಇಲ್ಲಂದ್ರ ಮನ್ಯಾಗಿರ್ಲಿ. ಬಸ್ಸಿಗೆ ಹತ್ತಿಸಿ ಇಳಿಸಿ ನಾನೂ ದಣದೀನಿ."

ಸಿಟ್ಟಿನ ಮಾತಲ್ಲ ಅದು. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಹುಡುಗಿಗೆ ಬಿ.ಎ. ಮಾಡಿ, ಆಮೇಲೆ ತನ್ನಂಥ ಮಕ್ಕಳ ಶಾಲೆಯಲ್ಲಿ ಟೀಚರಾಗುವ ಆಸೆ. ಅದೆಲ್ಲ ಈ ಒಂದು ಪತ್ರಿಕೆಯ ಮೇಲೆ ನಿಂತಿತ್ತು. ಅವ್ವ ಮಾರ್ಚಿನ ಪರೀಕ್ಷೆಗೆ ಬರೆಯಲು ಒಪ್ಪಿದಳು, ತನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೆರಾಕ್ಸ್ ತೆಗೆಸಿ ಅನುಮತಿಯ ಅರ್ಜಿಗೆ ಲಗತ್ತಿಸಿದಳು, ಮತ್ತು ಪ್ರತಿ ಭಾನುವಾರ ಅಭ್ಯಾಸ ಮಾಡಬೇಕೆಂದು ಹೇಳಿದಳು. ಬರೆಯಲು ಅಭ್ಯಾಸ ಯಾಕೆ ಎಂದು ನನಗೆ ಹೊಳೆಯಲಿಲ್ಲ. ಮೊದಲ ಭಾನುವಾರವೇ ಗೊತ್ತಾಯಿತು.

ಹುಡುಗಿ ಅಶೋಕನ ಬಗ್ಗೆ ಹೇಳಿದಳು, ಅವ್ವ ಬರೆದಳು. ಮುಗಿದ ಮೇಲೆ ಓದಿ ಹೇಳಿದಳು: "ಅಶೋಕನು ಕಳಿಂಗ ಯುದ್ಧದ ನಂತರ, ತಡೀರಿ ಅಕ್ಕಾ ಹಂಗಲ್ಲ, ಯುದ್ಧದಲ್ಲಿ ಆದ ಸಾವು ನೋವು ಕಂಡು, ಏನದು, ಹಾಂ, ಮನಸ್ಸು ಬದಲಾಯಿಸಿ, ಇಲ್ಲಿ ಸೊಳ್ಳಿ ಭಾಳ ಅದಾವ ನೋಡ್ರಿ, ಬೌದ್ಧ ಧರ್ಮ ಸ್ವೀಕರಿಸಿದನು."

"ಸೊಳ್ಳಿನೂ ಬರದ್ರಾ?" ಎಂದು ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು.

"ನೀ ಹೇಳಿದಿ, ನಾ ಬರದೆ. ಯಾವುದು ಬ್ಯಾಡ ಅಂತ ನಾ ಆರಿಸಿದ್ರ ಹೋದ ವರ್ಷದ್ದ ಆಗ್ತದ."

ಅವಳು ನಮ್ಮ ಮನೆಯಲ್ಲಿ ಮೊದಲ ಸಲ ನಕ್ಕಿದ್ದು ಆಗ. ಆವತ್ತೇ ಇಬ್ಬರೂ ಒಂದು ಕರಾರು ಮಾಡಿಕೊಂಡರು. ಹುಡುಗಿ ಮೇಜಿನ ಮೇಲೆ ಬೆರಳಿನಿಂದ ಒಂದು ಸಲ ತಟ್ಟಿದರೆ ಮುಂದಿನ ಮಾತು ಕಾಗದಕ್ಕಲ್ಲ. ಮತ್ತೆ ತಟ್ಟಿದರೆ ಬರೆಯಬೇಕು. ಅವ್ವ ಉತ್ತರ ಮುಗಿದ ಮೇಲೆ ಓದಿ ಹೇಳುವುದು ಬಿಟ್ಟರೆ ಬೇರೆ ತುಟಿ ಬಿಚ್ಚುವಂತಿಲ್ಲ.

ಆದರೂ ಹುಡುಗಿಗೆ ಒಳಗೆ ಅನುಮಾನವಿತ್ತು. ಅವಳ ತಪ್ಪಲ್ಲ. ಹೋದ ವರ್ಷದವಳೂ ಓದಿ ಹೇಳಿದ್ದಳಂತೆ, ಬರೆಯದೇ ಇದ್ದುದನ್ನೂ ಸೇರಿಸಿ. ಅವ್ವ ಓದುವಾಗ ಹುಡುಗಿ ತಲೆಯಾಡಿಸುತ್ತಿದ್ದಳು, ಆದರೆ ಎರಡೂ ಕೈ ದುಪ್ಪಟ್ಟಾದ ತುದಿ ತಿರುವುತ್ತಲೇ ಇರುತ್ತಿದ್ದವು. ನಾನು ಅದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಮೂರು ಭಾನುವಾರ, ಮೂರು ಸಲ, ಅದೇ ತಿರುವುವುದು.

ನಾಲ್ಕನೆಯ ಭಾನುವಾರ ಮೇಜಿನ ಮೇಲೆ ಎಣ್ಣೆ ಚೆಲ್ಲಿತ್ತು. ಅವ್ವ ಹಳೆಯ ನ್ಯೂಸ್‌ಪೇಪರು ಮಡಚಿ ಹಾಸಿ, ಅದರ ಮೇಲೆ ಹಾಳೆ ಇಟ್ಟು ಬರೆದಳು. ಮುಗಿದ ಮೇಲೆ ಹುಡುಗಿ ಹಾಳೆಯನ್ನು ಜೋಡಿಸಿಡಲು ಕೈಗೆ ತೆಗೆದುಕೊಂಡವಳು ಹಾಗೇ ನಿಂತಳು.

"ಅಕ್ಕಾ, ಇದೇನಿದು? ಹಿಂದ ಉಬ್ಬು ಉಬ್ಬು ಆಗ್ಯದ."

ಕೆಳಗೆ ಮೆತ್ತಗಿದ್ದುದರಿಂದ ಅವ್ವನ ಉಳಿಪೆನ್ನು ಹಾಳೆಯ ಹಿಂಬದಿಗೆ ಇಡೀ ಬರಹವನ್ನು ಎಬ್ಬಿಸಿಬಿಟ್ಟಿತ್ತು. ಬ್ರೈಲ್ ಕಲಿತ ಬೆರಳು ಅವಳದು. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಒಂದು ಸಲ ಹೋದಳು, ಇನ್ನೊಂದು ಸಲ ಹೋದಳು. "ಹದಿನೇಳು ಸಾಲು. ಕಡೀದು ಅರ್ಧಕ್ಕ ನಿಂತದ. ಹೌದಿಲ್ಲೋ?"

ನಾನು ಹಾಳೆ ತಿರುಗಿಸಿ ಎಣಿಸಿದೆ. ಹದಿನಾರು ತುಂಬಿದ ಸಾಲು, ಹದಿನೇಳನೆಯದು ಅರ್ಧ. ನಾನು ಅಷ್ಟು ವರ್ಷ ಬೈದ ಆ ಕೈ.

ಅವ್ವನ ಕಣ್ಣು ಆಗ ಮಿನುಗಿದ್ದು ನನಗೆ ಇಂದಿಗೂ ನೆನಪಿದೆ. ತಕ್ಷಣ ದಪ್ಪ ಮೊನೆಯ ಬಾಲ್‌ಪೆನ್ನು ತರಿಸಿದಳು. ಪೇಪರು ನಾಲ್ಕು ಮಡಿಕೆಯಾದರೆ ಉಬ್ಬು ಸಾಲದು, ಹನ್ನೆರಡಾದರೆ ಹಾಳೆ ಹರಿಯುತ್ತದೆ, ಎಂಟು ಸರಿ ಎಂದು ಒಂದೊಂದೇ ನೋಡಿ ಗೊತ್ತುಮಾಡಿದಳು. ಹಾಳೆಯ ಮುಂಬದಿ ಮುಗಿದ ಕೂಡಲೇ ಮಗುಚಿ ಹುಡುಗಿಯ ಕೈಗೆ ಕೊಡುವುದು, ಅವಳು ಎಣಿಸುವುದು, ಆಮೇಲೆ ಆ ಬದಿಯಲ್ಲಿ ಬರೆಯುವುದು. ಎರಡನೆಯ ಬದಿ ಬರೆದ ಮೇಲೆ ಉಬ್ಬುತಗ್ಗು ಕಲಸಿಹೋಗಿ ಲೆಕ್ಕ ಸಿಗುತ್ತಿರಲಿಲ್ಲ. "ಅರ್ಧ ಸಿಕ್ರ ಸಾಕು ಬಿಡ್ರಿ, ಉಳಿದರ್ಧ ನಿಮ್ಮನ್ನ ನಂಬತೀನಿ," ಎಂದಳು ಹುಡುಗಿ. ಆಮೇಲೆ ಅವಳ ಕೈ ದುಪ್ಪಟ್ಟಾ ತಿರುವಿದ್ದನ್ನು ನಾನು ನೋಡಲಿಲ್ಲ.

ಅವಳ ಅಪ್ಪನೂ ಅದನ್ನು ಮುಟ್ಟಿ ನೋಡಿದ. ಮೂಲೆಯಲ್ಲಿ ಕುಳಿತು, ಒರಟು ಹೆಬ್ಬೆರಳಿನಿಂದ ಹಾಳೆಯ ಬೆನ್ನು ಸವರಿ, "ನನಗೂ ತಿಳೀತದಲ್ಲ ಇದು" ಎಂದ. ಒಂದು ಹಾಳೆಯನ್ನು ಮಡಚದೆ ಚೀಲದಲ್ಲಿಟ್ಟುಕೊಂಡು ಹೋದ.

ಫೆಬ್ರವರಿಯ ಮೊದಲ ಭಾನುವಾರ ಅವ್ವ ಅಭ್ಯಾಸಕ್ಕೆ ರಜೆ ಕೊಟ್ಟು ನಮ್ಮಿಬ್ಬರನ್ನೂ ಹಂಪಿಗೆ ಕರೆದೊಯ್ದಳು. ವಿಜಯನಗರದ ಪಾಠ ಹುಡುಗಿಗೆ ಬಾಯಿಪಾಠವಿತ್ತು, ಆದರೆ ಬರೀ ಬಾಯಲ್ಲಿತ್ತು. "ಹೊಸಪೇಟಿಯಿಂದ ಇಷ್ಟ ದೂರ. ಊರೆಲ್ಲಾ ಬಂದು ನೋಡ್ತದ, ನೀ ನೋಡಬ್ಯಾಡೇನು?" ಎಂದಳು. ಕಮಲಾಪುರದ ಕಡೆಯ ಬಸ್ಸು, ಒಂಬತ್ತೂ ಇಪ್ಪತ್ತು.

ಒಂದು ಗುಡಿಯ ಹೊರಗೋಡೆಯಲ್ಲಿ ಆನೆ ಕುದುರೆಗಳ ಸಾಲು ಕೆತ್ತಿದ್ದಾರೆ. ಹುಡುಗಿ ಕೈ ಚಾಚಿದಳು. ಕಾವಲಿನವನು ಸೀಟಿ ಊದಿದ.

"ಮುಟ್ಟಬ್ಯಾಡ್ರಿ! ಬೋರ್ಡ್ ಕಾಣಂಗಿಲ್ಲೇನು?"

"ಕಾಣಂಗಿಲ್ಲ," ಎಂದಳು ಹುಡುಗಿ, ಬಹಳ ಮರ್ಯಾದೆಯಿಂದ.

ಆತ ಹತ್ತಿರ ಬಂದ, ಅವಳ ಮುಖ ನೋಡಿದ, ಸೀಟಿಯನ್ನು ಜೇಬಿಗೆ ಹಾಕಿಕೊಂಡ. ಅವ್ವ ವಾದ ಮಾಡುತ್ತಾಳೆ ಎಂದು ನಾನು ಕಾದೆ. ಅವಳು ಮಾಡಲಿಲ್ಲ. "ನಿಮ್ಮ ಕೆಲಸ ನೀವು ಮಾಡ್ರಿ ಅಣ್ಣಾ, ತಪ್ಪಿಲ್ಲ. ಮುಟ್ಟಾಕ ಬರೋವು ಯಾವರ ಇದ್ರ ಹೇಳ್ರಿ," ಎಂದಳು. ಆತ ಹಿಂದುಗಡೆ ಬೇಲಿಯಾಚೆ ಬಿದ್ದಿದ್ದ ಮುರುಕು ಕಲ್ಲುಗಳ ರಾಶಿಗೆ ನಮ್ಮನ್ನು ಕರೆದೊಯ್ದ. ಆನೆಯ ಅರ್ಧ ಸೊಂಡಿಲು, ಕಂಬದ ಒಂದು ಮೂಲೆ, ಯಾರದೋ ಕಾಲಿನ ಗೆಜ್ಜೆ. ಹುಡುಗಿ ಒಂದೂವರೆ ತಾಸು ಅಲ್ಲೇ ಕುಳಿತಳು. "ಇಷ್ಟು ಸಣ್ಣ ಗೆಜ್ಜಿನೂ ಬಿಟ್ಟಿಲ್ಲಲ್ಲ ಅಕ್ಕಾ, ಎಣಿಸಬೋದು," ಎಂದಳು. ಅವಳು ಎಣಿಸಿದ್ದು ಹನ್ನೊಂದು, ಬರೆದುಕೊಂಡಿದ್ದು ನಾನು.

ಬಿಸಿಲು ಏರಿತು. ವಿಠ್ಠಲ ದೇವಸ್ಥಾನದ ಕಡೆಗೆ ಹೋಗಲು ಆಗಲಿಲ್ಲ. ವಿರೂಪಾಕ್ಷ ಗುಡಿಯ ಎದುರು ನೆರಳಲ್ಲಿ ಕುಳಿತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಅಲ್ಲಿ ಆಟಿಕೆ ಮಾರುವವಳೊಬ್ಬಳು ಬಂದಳು. ಕಲ್ಲಿನ ರಥದ ಒಂದು ಸಣ್ಣ ಬೊಂಬೆಯನ್ನು ಅವ್ವ ಹುಡುಗಿಯ ಅಂಗೈಯಲ್ಲಿಟ್ಟಳು. "ನಿಮ್ಮ ಪುಸ್ತಕದಾಗಿನ ರಥ ಇದು, ಹಿಂಗ ಐತಿ ನೋಡು."

"ಗಾಲಿ ತಿರುಗ್ತಾವೇನ್ರಿ?"

"ಇದರಾವು ತಿರುಗಂಗಿಲ್ಲ."

ಹುಡುಗಿ ಬಸ್ಸಿನಲ್ಲಿ ಇಡೀ ದಾರಿ ಅದರ ಗಾಲಿ, ಆನೆ, ಮೇಲಿನ ಗೂಡು ಸವರುತ್ತ ಬಂದಳು. ನಾವು ಮೂವರೂ ಭಾಳ ಒಳ್ಳೆಯ ಕೆಲಸ ಮಾಡಿದೆವು ಎಂದುಕೊಂಡಿದ್ದೆವು.

ಪರೀಕ್ಷೆಯ ದಿನದ ಹೊತ್ತಿಗೆ ನನ್ನ ಲೆಕ್ಕ ಹೀಗಿತ್ತು: ಭಾನುವಾರ ಹನ್ನೊಂದು, ಬರೆದ ಹಾಳೆ ಎಂಬತ್ತಾರು, ಮುಗಿದ ಪೆನ್ನು ಒಂಬತ್ತು. ಕೇಂದ್ರ ಕಂಪ್ಲಿಯಲ್ಲಿ. ಅವ್ವ ಆ ದಿನ ಮೂರು ಗಂಟೆಗೇ ಎದ್ದು ರೊಟ್ಟಿ ಮುಗಿಸಿ, ಹಳೆಯ ಕಡು ಹಸಿರು ಹತ್ತಿ ಸೀರೆ ಉಟ್ಟು, ಎಂಟು ಮಡಿಕೆಯ ಪೇಪರನ್ನು ಚೀಲದಲ್ಲಿಟ್ಟುಕೊಂಡಳು. ಮೆಟ್ರಿಯಿಂದ ತಂದೆ ಮಗಳು ಆಗಲೇ ಬಂದು ಗೇಟಿನ ಹತ್ತಿರ ನಿಂತಿದ್ದರು.

ಗೇಟಿನಲ್ಲಿ ಚೀಲ ನೋಡಿದ ಮೇಷ್ಟ್ರು ಪೇಪರು ಹೊರಗೆಳೆದರು. "ಇದೇನಮ್ಮಾ?"

"ಕೆಳಗ ಹಾಸಾಕ ಸರ್."

"ಅಚ್ಚಾದ ಕಾಗದ ಒಳಗ ಬಿಡಂಗಿಲ್ಲ. ನಿಯಮ ಗೊತ್ತಿಲ್ಲೇನು?"

ಎಂಟು ಭಾನುವಾರ ಆ ಪೇಪರಿನ ಮೇಲೆ ಅಭ್ಯಾಸ ಮಾಡಿದ್ದರು. ಪರೀಕ್ಷಾ ಕೊಠಡಿಗೆ ಸುದ್ದಿ ಅಚ್ಚಾದ ಹಾಳೆ ಒಯ್ಯುವಂತಿಲ್ಲ ಎಂಬ, ಐದನೇ ತರಗತಿಯ ಮಗುವಿಗೂ ಗೊತ್ತಿರುವ ಮಾತು ನಮ್ಮ ನಾಲ್ವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಲೆಕ್ಕ ಇಡುವ ನನಗೂ. ಹುಡುಗಿಯ ಮುಖ ಬಿಳುಚಿತು. ಬರಿ ಮೇಜಿನ ಮೇಲೆ ಬರೆದರೆ ಹಿಂಬದಿಗೆ ಏನೂ ಏಳುವುದಿಲ್ಲ. ಅವಳ ಕೈ ಮತ್ತೆ ತನ್ನ ದುಪ್ಪಟ್ಟಾದ ತುದಿ ಹುಡುಕಿತು. ಅವಳ ಅಪ್ಪ ನೆಲ ನೋಡಿದ.

ಅವ್ವ ಪೇಪರನ್ನು ನನ್ನ ಕೈಗೆ ಕೊಟ್ಟಳು. ಒಂದು ಕ್ಷಣ ಕೂಡ ತಡಮಾಡದೆ ಮೇಷ್ಟ್ರನ್ನು ಕೇಳಿದಳು: "ಸೀರಿಗೆ ನಿಯಮ ಐತೇನ್ರಿ ಸರ್?"

ಅವರಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅವಳು ಒಳಗೆ ಹೋಗಿ ಕುಳಿತು ಮಾಡಿದ್ದನ್ನು ಹುಡುಗಿ ಆಮೇಲೆ ಹೇಳಿದಳು. ತನ್ನ ಸೆರಗನ್ನು ಬಿಚ್ಚಿ, ಎಂಟು ಮಡಿಕೆ ಮಾಡಿ, ಮೇಜಿನ ಮೇಲೆ ಹಾಸಿ, ಅದರ ಮೇಲೆ ಉತ್ತರಪತ್ರಿಕೆ ಇಟ್ಟಿದ್ದಳು. ಸೆರಗು ಹೆಗಲಿಂದ ಮೇಜಿನವರೆಗೆ ಬಿಗಿದು ನಿಂತಿದ್ದರಿಂದ ಆಕೆ ನೆಟ್ಟಗೆ ಕೂರುವಂತಿರಲಿಲ್ಲ, ಹಿಂದಕ್ಕೆ ಒರಗುವಂತಿರಲಿಲ್ಲ. ಎಡಕ್ಕೆ ಬಾಗಿ, ಇಡೀ ಪರೀಕ್ಷೆ, ಅದರ ಮೇಲೆ ಕಣ್ಣು ಕಾಣದವರಿಗೆ ಕೊಡುವ ಹೆಚ್ಚಿನ ಒಂದು ಗಂಟೆ, ಹಾಗೇ ಕುಳಿತಳು. ಹುಡುಗಿಯ ಬೆರಳಿಗೆ ಮೊದಲ ಹಾಳೆಯ ಬೆನ್ನು ಕೊಟ್ಟಾಗ ಅವಳು ಎಣಿಸಿ, ಮೇಜನ್ನು ತಟ್ಟಿ, "ಹತ್ತೊಂಬತ್ತು" ಎಂದಳಂತೆ. ಅವ್ವ ಬರೀ "ಹೂಂ" ಎಂದಳಂತೆ.

ನಾನು ಹೊರಗೆ ಬೇವಿನ ಮರದ ಕೆಳಗೆ ಹುಡುಗಿಯ ಅಪ್ಪನ ಜೊತೆ ಕುಳಿತಿದ್ದೆ. ಆತ ಚೀಲದಿಂದ ಆ ಒಂದು ಹಳೆಯ ಅಭ್ಯಾಸದ ಹಾಳೆ ತೆಗೆದು ಆಗಾಗ ಸವರಿ ಮತ್ತೆ ಒಳಗಿಡುತ್ತಿದ್ದ. ನಾನು ಎಣಿಸಿದೆ. ಏಳು ಸಲ.

ಅವರು ಹೊರಗೆ ಬಂದಾಗ ಅವ್ವ ಎಡಕ್ಕೆ ವಾಲಿಯೇ ನಡೆಯುತ್ತಿದ್ದಳು. ಹುಡುಗಿ ಹಾರುತ್ತಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ನಾನು ಪ್ರಶ್ನೆಪತ್ರಿಕೆ ಓದುತ್ತ ಹೋದೆ, ಅವಳು ತಾನು ಹೇಳಿದ ಉತ್ತರವನ್ನು ಹೇಳುತ್ತ ಹೋದಳು. ವಿಜಯನಗರದ ವಾಸ್ತುಶಿಲ್ಪದ ದೊಡ್ಡ ಪ್ರಶ್ನೆ ಬಂತು. "ಅದಂತೂ ಮಸ್ತ್ ಹೇಳೀನಿ. ಕಲ್ಲಿನ ರಥದ್ದ ಒಂದು ಪುಟ ಹೇಳೀನಿ. ವಿರೂಪಾಕ್ಷ ದೇವಾಲಯದ ಕಲ್ಲಿನ ರಥ, ಅದರ ಗಾಲಿ, ಆನಿ..."

ನನ್ನ ಕೈಯಲ್ಲಿದ್ದ ಪತ್ರಿಕೆ ಅಲ್ಲೇ ನಿಂತಿತು. ರಥ ಇರುವುದು ವಿಠ್ಠಲ ದೇವಸ್ಥಾನದಲ್ಲಿ. ಹೊಸಪೇಟೆಯಲ್ಲಿ ಹುಟ್ಟಿದ ಯಾರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಆದರೆ ಇವಳ ಅಂಗೈಗೆ ರಥ ಬಂದಿದ್ದು ವಿರೂಪಾಕ್ಷ ಗುಡಿಯ ಎದುರು. ಅವಳ ಪಾಲಿಗೆ ಅದು ಅಲ್ಲೇ ಇದೆ. ಅಲ್ಲಿ ಅದನ್ನು ಇಟ್ಟವಳು ಅವ್ವ.

ಕಾಗದದ ಸಪ್ಪಳ ನಿಂತದ್ದು ಹುಡುಗಿಗೆ ತಿಳಿಯಿತು. "ಅಕ್ಕಾ, ತಪ್ಪು ಹೇಳೀನೇನು?"

"ಹೌದವ್ವಾ. ರಥ ವಿಠ್ಠಲನ ಗುಡಿದು," ಎಂದಳು ಅವ್ವ.

"ನೀವು ಹಂಗ ಬರದ್ರಾ?"

"ಹಂಗ ಬರದೆ."

ನನಗೆ ತಡೆಯಲಾಗಲಿಲ್ಲ. "ಒಂದು ಸಲ ಕೆಮ್ಮಿದ್ರ ಆಗ್ತಿತ್ತಲ್ಲವ್ವಾ! ಪೆನ್ನು ನಿಲ್ಲಿಸಿದ್ರ ಸಾಕಿತ್ತು, ಆಕಿಗೆ ತಿಳೀತಿತ್ತು!"

"ತಿಳೀತಿತ್ತು. ಅದಕ್ಕ ನಿಲ್ಲಿಸ್ಲಿಲ್ಲ," ಎಂದಳು ಅವ್ವ. "ಆಕಿ ನನ್ನ ಪೆನ್ನಿನ ಸಪ್ಪಳ ಕೇಳಕೋತ ಹೇಳ್ತಾಳ. ನಾ ನಿಂತ್ರ ನಾ ಹೇಳಿಕೊಟ್ಟಂಗ. ಕೈ ಒಂದ ಸಮ ಓಡಬೇಕು ಅಂತ ಓಡಿಸಿದೆ. ಓದಿ ಹೇಳೋವಾಗ್ಲೂ ದನಿ ಏರಿಳಿಬಾರ್ದು ಅಂತ ನೀರು ಕುಡದು ಓದಿದೆ." ಆಮೇಲೆ ಸೆರಗು ಸರಿಮಾಡಿಕೊಳ್ಳುತ್ತ, "ಆ ಬೊಂಬಿ ಕೊಡಸಬಾರದಿತ್ತು," ಎಂದಳು. ಅವಳ ದನಿ ಏರಿಳಿದಿದ್ದು ಆಗ.

ಹುಡುಗಿಯ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಮೆಟ್ರಿ ಬಸ್ಸು ಬಂತು, ಇಬ್ಬರೂ ಹತ್ತಿದರು. ನಮ್ಮ ಬಸ್ಸಿನಲ್ಲಿ ಅವ್ವ ಕಿಟಕಿಗೆ ತಲೆ ಆನಿಸಿ ಮಲಗಿದಳು. ಅವಳ ಹಸಿರು ಸೆರಗಿನ ಮೇಲೆ ಬೆರಳಿಟ್ಟು ನೋಡಿದೆ. ಬಟ್ಟೆಯಲ್ಲಿ ಗುರುತು ನಿಲ್ಲುವುದಿಲ್ಲ. ಎರಡು ಕಡೆ ಶಾಯಿಯ ಚುಕ್ಕೆ ಮಾತ್ರ ಇತ್ತು, ಹಾಳೆ ಹರಿದು ಮೊನೆ ಇಳಿದ ಜಾಗ. ನನ್ನ ಅವ್ವನ ಪಕ್ಕ ಇಷ್ಟು ವರ್ಷ ಕುಳಿತಿದ್ದೇನೆ, ಅವಳ ರೊಟ್ಟಿಗಳನ್ನು ಎಣಿಸಿದ್ದೇನೆ, ಆದರೆ ಆವತ್ತಿನಷ್ಟು ಅಪರಿಚಿತಳಾಗಿ, ಅಷ್ಟು ದೊಡ್ಡವಳಾಗಿ ಆಕೆ ನನಗೆ ಕಂಡಿರಲಿಲ್ಲ. ಕೈಲಿದ್ದ ಅಂಕಗಳನ್ನು, ಅದೂ ಯಾರೂ ನೋಡದ ಜಾಗದಲ್ಲಿ, ಕೈ ನಿಲ್ಲಿಸದೆ ಬಿಟ್ಟುಕೊಡುವುದು ಹೇಗೆ? ನಾನಾಗಿದ್ದರೆ ಕೆಮ್ಮುತ್ತಿದ್ದೆ. ಬರೆದಿಟ್ಟಿದ್ದೇನೆ: "ನಾನಾಗಿದ್ದರೆ ಕೆಮ್ಮುತ್ತಿದ್ದೆ."

ಫಲಿತಾಂಶ ಬರುವವರೆಗೆ ಅವ್ವ ಆ ವಿಷಯ ಎತ್ತಲಿಲ್ಲ, ಆದರೆ ಮೂರು ಸಲ ಅವಳ ರೊಟ್ಟಿ ಸೀದುಹೋಯಿತು. ಅದಕ್ಕೂ ಮೊದಲು ಒಂದು ಇಡೀ ವರ್ಷದಲ್ಲಿ ಸೀದಿದ್ದು ಎರಡು.

ಫಲಿತಾಂಶವನ್ನು ನಾನೇ ಫೋನಿನಲ್ಲಿ ತೆಗೆದು ನೋಡಿದೆ. ಪಾಸು. ಬೇಕಾದ್ದಕ್ಕಿಂತ ಮೂರೇ ಅಂಕ ಹೆಚ್ಚು. ಅವ್ವನಿಗೆ ಹೇಳಿದಾಗ ಆಕೆ ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿ ಕುಳಿತಳು. ಆ ಕೈಗುರುತು ಗೋಡೆಯ ಮೇಲೆ ಇನ್ನೂ ಇದೆ, ಒರೆಸಲು ನಾನು ಬಿಟ್ಟಿಲ್ಲ.

ಎಲ್ಲ ಮುಗಿಯಿತು ಎಂದುಕೊಂಡೆವು. ನಾಲ್ಕು ದಿನದ ಮೇಲೆ, ಗುರುವಾರ, ತಂದೆ ಮಗಳು ಬಾಳೆಗೊನೆ ಹೊತ್ತು ಬಂದರು. ಮಗಳ ಕೈಯಲ್ಲಿ ಹೊಸಪೇಟೆಯ ಕಾಲೇಜೊಂದರ ಬಿ.ಎ. ಅರ್ಜಿ. ಅಪ್ಪ ಗೊನೆ ಇಳಿಸಿದ, ಆದರೆ ಮುಖ ಸಡಿಲಾಗಿರಲಿಲ್ಲ.

"ಒಂದು ಮಾತು ಕೇಳ್ತೀನಿ, ಸಿಟ್ಟು ಮಾಡ್ಕೋಬ್ಯಾಡವ್ವಾ. ಊರಾಗ ಅಂತಾರ, ಆ ಹೊಸಪೇಟಿ ಅಕ್ಕ ಶಾಣ್ಯಾಕಿ, ಆಕೀನ ಬರದು ಪಾಸ್ ಮಾಡ್ಸ್ಯಾಳ, ಕಾಲೇಜಿಗೆ ಹೋದ್ರ ನಿನ್ನ ಮಗಳ ಬಂಡವಾಳ ಬಯಲಾಗ್ತದ ಅಂತ."

ಹುಡುಗಿ ತಲೆ ತಗ್ಗಿಸಿದಳು. ದಾರಿಯುದ್ದಕ್ಕೂ ಈ ಮಾತು ನಡೆದಿತ್ತು ಎಂದು ಕಾಣುತ್ತಿತ್ತು. ನಾನು ದಿನಚರಿ ತರಲು ಎದ್ದೆ, ಹಾಳೆ, ಸಾಲು ಎಲ್ಲ ಓದಿ ಹೇಳೋಣವೆಂದು. ಅವ್ವ ಕಣ್ಣಿನಲ್ಲೇ ಕೂರಿಸಿದಳು.

ಆತನೇ ಮುಂದುವರಿಸಿದ. "ಬಸ್‌ಸ್ಟ್ಯಾಂಡಿನ್ಯಾಗ ಅವತ್ತು ಮಾತಾಡಿದ್ರಲ್ಲ. ರಥದ್ದು ಈಕಿ ತಪ್ಪು ಹೇಳಿದ್ಲು, ನಿಮಗ ಗೊತ್ತಿತ್ತು, ಗೊತ್ತಿದ್ದೂ ತಪ್ಪ ಬರದ್ರಿ. ಖರೇನಾ?"

"ಖರೆ."

"ಇಡೀ ಪುಟ?"

"ಇಪ್ಪತ್ತೊಂದು ಸಾಲು," ಎಂದಳು ಹುಡುಗಿ. "ಎಣಿಸೀನಿ."

ಆತ ಒಲೆಯತ್ತ ತಿರುಗಿದ. ಆಮೇಲೆ ನಿಧಾನವಾಗಿ, ಹೊಲದ ಬದು ಅಳೆಯುವವನಂತೆ ಒಂದೊಂದೇ ಮಾತು ಇಟ್ಟ. "ತಪ್ಪು ಈಕೀದ ಅಂದ್ರ, ಉಳಿದದ್ದೂ ಈಕೀದ ಆತಲ್ಲ."

ಅವ್ವ ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ತಾ ಇಲ್ಲಿ," ಎಂದು ಆತ ಮಗಳ ಕೈಯಿಂದ ಅರ್ಜಿ ತೆಗೆದುಕೊಂಡ. "ಎಲ್ಲಿ ಹಾಕ್ಬೇಕು ಸಹಿ?"

ಪಾಲಕರ ಸಹಿಯ ಜಾಗವನ್ನು ನಾನು ತೋರಿಸಿದೆ. ಅರ್ಜಿಯನ್ನು ಆತ ನೆಲದ ಮೇಲಿಟ್ಟ. ಹುಡುಗಿ ತಡೆದಳು. "ತಡಿಯಪ್ಪಾ. ಅಕ್ಕಾ, ಪೇಪರ್ ಕೊಡ್ರಿ."

ಅವ್ವ ಹಳೆಯ ಪೇಪರು ಎಂಟು ಮಡಿಕೆ ಮಾಡಿ ಕೆಳಗೆ ಸರಿಸಿದಳು. ಆತ ನನ್ನ ಪೆನ್ನನ್ನು ಕುಡುಗೋಲಿನಂತೆ ಹಿಡಿದು, ನಾಲಗೆ ಹಲ್ಲಿನ ನಡುವೆ ಕಚ್ಚಿ, ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ ಬರೆದ. ಎರಡು ನಿಮಿಷ ಹಿಡಿಯಿತು. ಹುಡುಗಿ ಅರ್ಜಿಯನ್ನು ಮಗುಚಿ, ಹಿಂಬದಿಯಲ್ಲಿ ಬೆರಳಾಡಿಸಿ, ಆ ಉಬ್ಬನ್ನು ಹುಡುಕಿ, ಮೊದಲಿನಿಂದ ಕೊನೆಯವರೆಗೆ ಹೋಗಿ ನಿಂತಳು.

"ಒಂದು ಸಾಲು," ಎಂದಳು.

"ಸಾಕಲ್ಲ?" ಎಂದ ಆತ.

"ಸಾಕಪ್ಪಾ."

ದಿನಚರಿಯಲ್ಲಿ ಆ ಗುರುವಾರದ ಕೆಳಗೆ ಅಷ್ಟೇ ಬರೆದಿದ್ದೇನೆ: ಒಂದು ಸಾಲು.